ಮನೆಗೆಲ್ಲ ಒಂದೇ ಖಾತೆ

ಕಾಲೇಜಿನಲ್ಲಿ ನಾನು ಪಾಠ ಹೇಳುವುದು ಭೌತಶಾಸ್ತ್ರ. ಆ ಒಂದು ಕಾರಣಕ್ಕೆ ನಮ್ಮ ಮನೆಯಲ್ಲಿ ವೈರು ಇರುವ ಯಾವ ವಸ್ತು ಕೆಟ್ಟರೂ ಅದಕ್ಕೆ ನಾನೇ ಹೊಣೆ. ಮಿಕ್ಸಿ ಸುಟ್ಟ ವಾಸನೆ ಬಂದರೆ ಅತ್ತಿಗೆ ನನ್ನನ್ನು ಕೂಗುತ್ತಾರೆ, ಮೋಟಾರು ನೀರೆತ್ತದಿದ್ದರೆ ಅಣ್ಣ ನನ್ನ ಮುಖ ನೋಡುತ್ತಾನೆ. ಇಷ್ಟು ಸಾಲದು ಎಂಬಂತೆ, ಯಾರೂ ಕೇಳದಿದ್ದರೂ ಮನೆಗೊಂದು ಸರ್ವರ್ ಬೇಕು ಎಂದು ತಲೆಗೆ ಹಚ್ಚಿಕೊಂಡವನು ನಾನು. ಬೇರೆಯವರು ಹೇಳಿ ಮಾಡಿಸಿದ್ದರೆ ಈಗ ಅವರ ಮೇಲೆ ಎತ್ತಿ ಹಾಕಿ ಸ್ವಲ್ಪ ಹಗುರವಾಗಬಹುದಿತ್ತು. ಆ ಅವಕಾಶವೂ ಇಲ್ಲ.

ನಮ್ಮ ಮನೆ ನಂಜನಗೂಡಿನಲ್ಲಿ, ನನ್ನ ಕೆಲಸ ತಿರುಮಕೂಡಲು ನರಸೀಪುರದಲ್ಲಿ. ಬೆಳಿಗ್ಗೆ ಬಸ್ಸಿನಲ್ಲಿ ಹೋಗಿ ಸಂಜೆ ಬಸ್ಸಿನಲ್ಲಿ ಬರುವವನು. ಅಣ್ಣ ಕಳಲೆ ಕಡೆಯ ಜಮೀನು ನೋಡಿಕೊಳ್ಳುತ್ತಾನೆ. ಕೆಳಗಡೆ ಅವ್ವ, ಅಣ್ಣ, ಅತ್ತಿಗೆ. ಮಹಡಿಯ ಮೇಲೆ ನಾನು, ನನ್ನ ಹೆಂಡತಿ. ಅಡುಗೆಮನೆ ಮಾತ್ರ ಒಂದೇ. ನಮ್ಮ ಬೀದಿಯಲ್ಲಿ ಅಣ್ಣತಮ್ಮಂದಿರು ಇನ್ನೂ ಒಟ್ಟಿಗೆ ಉಣ್ಣುವ ಮನೆ ಇದೊಂದೇ ಎಂದು ಯಾರಾದರೂ ಅಂದರೆ ನನಗೆ ಒಳಗೊಳಗೇ ಖುಷಿಯಾಗುತ್ತದೆ.

ಸರ್ವರ್ ಬೇಕು ಅನ್ನಿಸಿದ್ದು ಪೆನ್‌ಡ್ರೈವುಗಳ ಕಾಟಕ್ಕೆ. ನನ್ನ ಮದುವೆಯ ಡಿಸ್ಕು ಬೀರುವಿನಲ್ಲಿ, ಅಣ್ಣನ ಮಗಳ ಮದುವೆ ಒಂದು ಪೆನ್‌ಡ್ರೈವಿನಲ್ಲಿ, ಊರೂರಲ್ಲಿ ಅಣ್ಣ ಗದೆ ಹಿಡಿದು ಕುಣಿದ ಪೌರಾಣಿಕ ನಾಟಕಗಳು ಇನ್ನೊಂದರಲ್ಲಿ, ಅತ್ತಿಗೆಯ ಭಕ್ತಿಗೀತೆಗಳು ಮತ್ತೊಂದರಲ್ಲಿ. ನಾಟಕ ಬೇಕೆಂದು ಚುಚ್ಚಿದರೆ ಭಕ್ತಿಗೀತೆ ಬರುವುದು, ಅಣ್ಣ ರೇಗುವುದು. ಹಳೆಯ ಕಂಪ್ಯೂಟರೊಂದು ಮಹಡಿಯ ಮೇಲೆ ದೂಳು ತಿನ್ನುತ್ತಿತ್ತು. ಎಲ್ಲವನ್ನೂ ಅದರಲ್ಲಿ ತುಂಬಿಟ್ಟರೆ, ಮನೆಯ ವೈಫೈ ಮೂಲಕ ಕೆಳಗಿನ ಹಾಲಿನ ಟಿವಿ, ಅಣ್ಣನ ಫೋನು, ನನ್ನ ಹೆಂಡತಿಯ ಟ್ಯಾಬು, ಯಾವುದರಲ್ಲಿ ಬೇಕಾದರೂ ನೋಡಬಹುದು. ಅದಕ್ಕೆ ತಕ್ಕ ಸಾಫ್ಟ್‌ವೇರೊಂದನ್ನು ಆರಿಸಿಕೊಂಡರೆ ಆಯಿತು.

ಆರಿಸುವುದೇ ದೊಡ್ಡ ಕೆಲಸವಾಯಿತು. ಬಸ್ಸಿನಲ್ಲಿ ಹೋಗುವಾಗ ಬರುವಾಗ ಅದರದೇ ವಿಡಿಯೊ ನೋಡಿದೆ. ಗುರುತು ಪರಿಚಯ ಇಲ್ಲದವರು ಎಲ್ಲೆಲ್ಲೋ ಕೂತು ಇದು ಮೇಲು ಅದು ಮೇಲು ಎಂದು ಕಚ್ಚಾಡಿದ್ದನ್ನೆಲ್ಲ ಓದಿದೆ. ಪಕ್ಕದ ಸೀಟಿನವರು ಮಾತಾಡಿಸಿದರೆ ಸಿಡುಕುತ್ತಿದ್ದೆ. ಅಷ್ಟು ಶ್ರದ್ಧೆಯನ್ನು ನಾನು ಮನೆಯ ಬೇರೆ ಯಾವ ವಿಷಯಕ್ಕೂ ತೋರಿಸಿದವನಲ್ಲ.

ಮೊದಲು ಹಾಕಿದ್ದು ನೋಡಲು ಬಲು ಚೆಂದ. ಆದರೆ ಅದನ್ನು ಮಾಡಿದ ಕಂಪನಿಯಲ್ಲಿ ಖಾತೆ ತೆರೆದು ಲಾಗಿನ್ ಆಗಬೇಕಿತ್ತು. ರಸ್ತೆ ಅಗೆಯುವವರು ಇಂಟರ್‌ನೆಟ್ಟಿನ ಕೇಬಲ್ ಕಿತ್ತು ಹಾಕಿದ ದಿನ, ನಮ್ಮ ಮನೆಯ ಕಂಪ್ಯೂಟರಿನಲ್ಲೇ ಇದ್ದ ನಾಟಕ ನಮ್ಮ ಮನೆಯ ಟಿವಿಯಲ್ಲೇ ಬರಲಿಲ್ಲ. ನಮ್ಮ ಅಟ್ಟದ ಮೇಲಿನ ಪಾತ್ರೆ ಇಳಿಸಲು ಪರದೇಶದವರ ಅಪ್ಪಣೆ ಬೇಕೇ ಎಂದು ಸಿಟ್ಟು ಬಂತು. ಅವತ್ತೇ ತೆಗೆದು ಬಿಸಾಡಿದೆ.

ಎರಡನೆಯದು ತೀರ ಸರಳ. ಟಿವಿಯಲ್ಲಿ ಬರೀ ಫೋಲ್ಡರುಗಳ ಹೆಸರು ಕಾಣಿಸುತ್ತಿತ್ತು, ಒತ್ತಿದರೆ ಓಡುತ್ತಿತ್ತು. ಆದರೆ ಎಲ್ಲಿಗೆ ನಿಲ್ಲಿಸಿದ್ದೆವು ಎಂಬುದು ಅದಕ್ಕೆ ನೆನಪಿರುತ್ತಿರಲಿಲ್ಲ. ನಮ್ಮ ಕಡೆಯ ನಾಟಕ ಅಂದರೆ ಕೋಳಿ ಕೂಗುವವರೆಗೆ ನಡೆಯುವಂಥದ್ದು. ಅಣ್ಣ ಪ್ರತಿಸಲ ಹಾಕಿದಾಗಲೂ ಗಣಪತಿ ಪೂಜೆಯಿಂದಲೇ ಶುರು. ತನ್ನ ಪ್ರವೇಶ ಬರುವಷ್ಟರಲ್ಲಿ ಅವನಿಗೇ ನಿದ್ದೆ. "ನಾನ್ ಬರೋ ಗಂಟ ನಂಗೇ ಕಾಯಕ್ಕಾಗಕಿಲ್ಲ ಕಣ್ಲಾ, ಬ್ಯಾರೆ ಏನಾರ ಹಾಕು," ಎಂದ.

ಮೂರನೆಯದು ಯಾರೋ ಉತ್ಸಾಹಿಗಳು ಸೇರಿ ಪುಕ್ಕಟೆಯಾಗಿ ಕೊಟ್ಟಿದ್ದು. ಕಂಪನಿಯ ಹಂಗಿಲ್ಲ, ಇಂಟರ್‌ನೆಟ್ ಬೇಡ, ಮನೆಯೊಳಗಿನ ವೈಫೈ ಸಾಕು. ಎಲ್ಲಿಗೆ ನಿಲ್ಲಿಸಿದ್ದೆವೋ ಅಲ್ಲಿಂದಲೇ ಮುಂದಕ್ಕೆ ಓಡಿಸುತ್ತಿತ್ತು. ಹಾಲಿನಲ್ಲಿ ಅರ್ಧ ನೋಡಿ ನಿಲ್ಲಿಸಿ, ಮಹಡಿಗೆ ಹೋಗಿ ಫೋನಿನಲ್ಲಿ ಒತ್ತಿದರೆ ಅಲ್ಲಿಂದಲೇ ಮುಂದುವರಿಯುತ್ತಿತ್ತು. ಇದನ್ನು ನಾನು ಜಾದೂ ತೋರಿಸುವವನ ಹಾಗೆ ಎಲ್ಲರನ್ನೂ ಕೂರಿಸಿಕೊಂಡು ತೋರಿಸಿದೆ. ಅವ್ವ ಬೆರಗಾಗಿ, "ಇಲ್ಲಿ ನೋಡುದ್ದು ಅದ್ಕೆಂಗ್ಲಾ ಗೊತ್ತಾಯ್ತು?" ಎಂದು ಕೇಳಿದಳು. ಬಿಡಿಸಿ ಹೇಳುವಷ್ಟು ತಾಳ್ಮೆ ನನಗಿರಲಿಲ್ಲ. "ಎಲ್ಲಾ ಒಂದಕ್ಕೊಂದು ಸೇರ್ಕಂಡವೆ ಅವ್ವ," ಎಂದು ಮುಗಿಸಿದೆ.

ತೊಡಕಾದದ್ದು ಅದರ ಮೊದಲ ಪರದೆಯಲ್ಲಿ. ತೆರೆದ ಕೂಡಲೇ ಅದು ಯಾರು ನೋಡುತ್ತಿರುವುದು ಎಂದು ಕೇಳುತ್ತಿತ್ತು. ಮನೆಯ ಒಬ್ಬೊಬ್ಬರಿಗೂ ಒಂದೊಂದು ಖಾತೆ ಮಾಡಿ, ಪಕ್ಕದಲ್ಲಿ ಅವರವರ ಫೋಟೊ ಹಾಕಿದ್ದೆ. ಅಣ್ಣನಿಗೆ ಅದು ಸರಿಬೀಳಲಿಲ್ಲ.

"ಏನ್ಲಾ ಇದು? ನಮ್ಮನೇಲೇ ನಮ್ಮುನ್ನ ನೀನ್ಯಾರು ಅಂತ ಕೇಳ್ತದಲ್ಲ! ಒಲೆ ಒಂದೇ ಅದೆ, ರೇಷನ್ ಕಾರ್ಡು ಒಂದೇ ಅದೆ. ಟಿವಿ ನೋಡಾಕೆ ಬ್ಯಾರೆ ಬ್ಯಾರೆನಾ?"

ಅತ್ತಿಗೆ ಅದಕ್ಕೆ ದನಿ ಸೇರಿಸಿದರು. ಅವ್ವನೂ, "ನಂಗ್ ಬ್ಯಾರೆ ಮಾಡ್ಬ್ಯಾಡ ಕಣಪ್ಪ. ಎಲ್ರುದೂ ಎಲ್ಲಿ ಅದ್ಯೋ ಅಲ್ಲೇ ನಂದೂ ಇರ್ಲಿ," ಎಂದಳು. ನಾನಾದರೂ ಒಂದು ಮಾತು ವಾದಿಸಬಹುದಿತ್ತು. ಅದೇಕೆ ಹಾಗೆ ಬೇರೆ ಬೇರೆ ಇಟ್ಟಿದ್ದಾರೆ ಎಂಬುದು ಅಷ್ಟೆಲ್ಲ ಓದಿದ್ದ ನನಗೆ ಗೊತ್ತಿತ್ತು. ಆದರೆ ಒಂದೇ ಒಲೆ ಎಂಬ ಮಾತು ಕಿವಿಗೆ ಎಷ್ಟು ಹಿತವಾಗಿತ್ತು ಅಂದರೆ, ಖುಷಿಯಿಂದಲೇ ಎಲ್ಲ ಖಾತೆ ಅಳಿಸಿ, ತೀರಿಕೊಂಡ ಅಪ್ಪನ ಹೆಸರಿನಲ್ಲಿ ಒಂದೇ ಒಂದು ಮಾಡಿದೆ. ಪಾಸ್‌ವರ್ಡ್ ಇಲ್ಲ, ಪ್ರಶ್ನೆ ಇಲ್ಲ. ಟಿವಿ ಹಾಕಿದರೆ ನೇರವಾಗಿ ಒಳಗೆ. ಅಪ್ಪನ ಹೆಸರು ಪರದೆಯ ಮೂಲೆಯಲ್ಲಿ ಕಂಡದ್ದಕ್ಕೆ ಅಣ್ಣ ಮೆಚ್ಚಿ ತಲೆಯಾಡಿಸಿದ.

ಇಲ್ಲಿ ಅವ್ವನ ತಮ್ಮನ ಸಂಗತಿ ಹೇಳಬೇಕು. ಅವ್ವನ ತವರು ಹೆಮ್ಮಿಗೆ. ನಾನು ಕೆಲಸ ಮಾಡುವ ಊರಿನಿಂದ ಇನ್ನೊಂದು ಬಸ್ಸು ಹತ್ತಿದರೆ ಸಿಗುವ ಹಳ್ಳಿ. ಅಲ್ಲಿ ನಮ್ಮ ಸೋದರಮಾವ ಇದ್ದಾನೆ. ಅವ್ವನಿಗೆ ಇರುವವನು ಅವನೊಬ್ಬನೇ, ಅವಳೇ ಕಂಕುಳಲ್ಲಿ ಹೊತ್ತು ಬೆಳೆಸಿದವನು. ಅಪ್ಪ ಹೋದ ಮೇಲೆ ಗೌರಿ ಹಬ್ಬದ ತವರ ಬಾಗಿನ ತಾನಾಗಿ ನಿಂತಿತು. ಮಾವ ಮಾತ್ರ ಸೀರೆ ನಿಲ್ಲಿಸಲಿಲ್ಲ. "ಬಾಗ್ನ ನಿಂತ್ರೆ ನಿಲ್ಲಿ, ನಮ್ಮಕ್ಕುನ್ ಸೀರೆ ಯಾಕ್ ನಿಲ್ಬೇಕು?" ಎಂದು ಪ್ರತಿ ಹಬ್ಬಕ್ಕೂ ಬಟ್ಟೆಯ ಚೀಲ ಹೆಗಲಿಗೆ ಹಾಕಿಕೊಂಡು ಬಸ್ಸಿಳಿಯುತ್ತಿದ್ದ.

ಆಮೇಲೆ ಅಣ್ಣನ ಮಗಳನ್ನು ತನ್ನ ಮಗನಿಗೆ ಕೇಳಿದ. ವರಸೆ ಸರಿಯಾಗಿಯೇ ಇತ್ತು. ಆದರೆ ಎತ್ತಿ ಆಡಿಸಿದವನನ್ನು ಮದುವೆಯಾಗುವುದಿಲ್ಲ ಎಂದು ಹುಡುಗಿ ಅಂದಳು, ಅಣ್ಣ ಮಗಳ ಪರ ನಿಂತ. ಅದರಲ್ಲಿ ಅಣ್ಣನದು ತಪ್ಪು ಎಂದು ನಾನು ಇವತ್ತಿಗೂ ಹೇಳಲಾರೆ. ಮಾವ ನಮ್ಮ ಜಗಲಿಯಲ್ಲಿ ಕೂತವನು, "ಹೆಣ್ ಕೊಡ್ದಿರೋ ಮನೇಲಿ ನಂಗೇನ್ ಕೆಲ್ಸ," ಎಂದು ಕೊಟ್ಟ ನೀರನ್ನೂ ಮುಟ್ಟದೆ ಎದ್ದ. ಅಣ್ಣ, "ಓದ್ರೆ ಓಗ್ಲಿ," ಎಂದ. ಬಾಗಿಲಲ್ಲಿ ನಿಂತಿದ್ದ ಅವ್ವ ಆ ನೀರಿನ ಚೊಂಬನ್ನು ಒಳಗೆ ಎತ್ತಿಕೊಂಡು ಹೋದಳು. ಆಮೇಲೆ ಆ ಹುಡುಗಿಯ ಮದುವೆ ಮೈಸೂರಿನ ಕಡೆಗಾಯಿತು. ಮಾವ ಅದಕ್ಕೂ ಬರಲಿಲ್ಲ, ಗೌರಿ ಹಬ್ಬಕ್ಕೂ ಬರಲಿಲ್ಲ. ತವರಿನವರು ಬಂದು ಕರೆಯದೆ ಹೆಣ್ಣುಮಗಳು ತಾನಾಗಿ ಹೋಗುವುದು ನಮ್ಮಲ್ಲಿ ಇಲ್ಲ. ಫೋನು ಮಾಡೋಣವೆಂದರೆ ಅವ್ವನಿಗೆ ಸ್ವಂತ ಫೋನಿಲ್ಲ, ಅತ್ತಿಗೆಯನ್ನೇ ಕೇಳಿ ಮಾಡಿಸಿಕೊಳ್ಳಬೇಕು. ಅವ್ವ ಕೇಳಲಿಲ್ಲ, ನಾವು ಯಾರೂ ಮಾಡಿಕೊಡುತ್ತೇವೆ ಎನ್ನಲೂ ಇಲ್ಲ.

ಸರ್ವರ್ ಬಂದ ಬೇಸಿಗೆಯಲ್ಲಿ, ನಮ್ಮ ಮದುವೆಯಾದ ದಿನ ಬಂತೆಂದು ನನ್ನ ಹೆಂಡತಿ ಮದುವೆಯ ವಿಡಿಯೊ ಹಾಕಿದಳು. ಎಲ್ಲರೂ ಕೂತು ನೋಡಿದೆವು. ಅಣ್ಣ ಮಾತ್ರ ಹೊಲಕ್ಕೆ ಹೋಗಿದ್ದ. ನನಗೆ ಬಾಸಿಂಗ ಕಟ್ಟಿದವನು ಸೋದರಮಾವ. ಅವನ ಕೈ ನನ್ನ ಹಣೆಯ ಹತ್ತಿರ ಬಂದಾಗ ಅವ್ವ ಟಿವಿಗೆ ಇನ್ನಷ್ಟು ಹತ್ತಿರ ಸರಿದಳು. ಆಮೇಲೆ ಊಟದ ಪಂಕ್ತಿ. ಮಾವ ಸಾಕು ಸಾಕು ಎಂದು ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದಿದ್ದಾನೆ, ಅವ್ವ ಆ ಕೈಯ ಮೇಲೇ ಪಾಯಸ ಸುರಿಯುವವಳ ಹಾಗೆ ಸೌಟು ಎತ್ತಿದ್ದಾಳೆ, ಅವನು ಕೈ ತೆಗೆಯುತ್ತಾನೆ, ಇಬ್ಬರೂ ನಗುತ್ತಾರೆ. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುವ ದೃಶ್ಯ. ಅಲ್ಲಿಗೆ ಯಾರೋ ಬಾಗಿಲು ಬಡಿದರೆಂದು ಹೆಂಡತಿ ನಿಲ್ಲಿಸಿ ಎದ್ದಳು.

ಅರ್ಧ ನೋಡಿ ಬಿಟ್ಟದ್ದನ್ನೆಲ್ಲ ಆ ಸಾಫ್ಟ್‌ವೇರು ಮೊದಲ ಪರದೆಯಲ್ಲೇ ಒಂದು ಸಾಲಾಗಿ ತೋರಿಸುತ್ತದೆ. ಕೊನೆಯದಾಗಿ ನೋಡಿದ್ದು ಎಲ್ಲಕ್ಕಿಂತ ಮುಂದೆ. ಟಿವಿ ಹಾಕಿ ರಿಮೋಟಿನ ನಡುವಿನ ಗುಂಡಿ ಒತ್ತಿದರೆ ಅದೇ ಓಡುತ್ತದೆ. ಓದು ಬಾರದ ಅವ್ವ ಇಷ್ಟನ್ನು, ಮುಂದೆ ಬೇರೇನಾದರೂ ಇದ್ದರೆ ಆ ಸಾಲಿನಲ್ಲೇ ಪಕ್ಕಕ್ಕೆ ಸರಿದು ಮದುವೆಯ ಚಿತ್ರ ಹಿಡಿಯುವುದನ್ನು ನೋಡಿಯೇ ಕಲಿತಳು. ಮಧ್ಯಾಹ್ನ ಅಣ್ಣ ಹೊಲದಲ್ಲಿ, ಅತ್ತಿಗೆ ನಿದ್ದೆಯಲ್ಲಿ, ನಾನೂ ಹೆಂಡತಿಯೂ ನಮ್ಮ ನಮ್ಮ ಕೆಲಸದಲ್ಲಿ. ಆಗ ಅವಳು ಹಾಕಿಕೊಳ್ಳುತ್ತಿದ್ದಳು. ಸ್ವಲ್ಪ ಹಿಂದಕ್ಕೆ ಓಡಿಸಿ, ಪಂಕ್ತಿ ನೋಡಿ, ಅಲ್ಲೇ ನಿಲ್ಲಿಸುತ್ತಿದ್ದಳು. ಬೇರೆ ಯಾರೇ ಏನೇ ನೋಡಿರಲಿ, ಸಂಜೆಯ ಹೊತ್ತಿಗೆ ಸಾಲಿನಲ್ಲಿ ಮೊದಲು ಇರುತ್ತಿದ್ದದ್ದು ನನ್ನ ಮದುವೆಯೇ.

ಖಾತೆ ಒಂದೇ ಆದ್ದರಿಂದ ಅದು ಎಲ್ಲರ ಕಣ್ಣಿಗೂ ಬೀಳುತ್ತಿತ್ತು. ನನ್ನ ಫೋನಿನಲ್ಲೂ ಬೀಳುತ್ತಿತ್ತು. ನಾನು ಅದನ್ನು ಹೆಂಡತಿಯ ಚಪಲ ಅಂದುಕೊಂಡು ಒಳಗೊಳಗೇ ಬೀಗಿದ್ದೆ ಎಂದರೆ ನಗಬೇಕು. ಅಣ್ಣನಿಗೆ ಹಾಗೆ ಕಾಣಲಿಲ್ಲ. ತಾನು ಮುರಿದುಕೊಂಡ ನೆಂಟಸ್ತಿಕೆಯನ್ನು ಯಾರೋ ದಿನಾ ತನ್ನ ಮುಖಕ್ಕೆ ಹಿಡಿಯುತ್ತಿದ್ದಾರೆ ಅನ್ನಿಸಿತು. ಒಂದು ದಿನ ಊಟಕ್ಕೆ ಕೂತಾಗ ಕೇಳಿಯೇಬಿಟ್ಟ.

"ಯಾರ್ಲಾ ಅದು, ದಿನಾ ನಿನ್ ಮದ್ವೆ ಹಾಕ್ಕಂಡ್ ಕೂರೋದು? ನಿನ್ನೆಂಡ್ತಿನಾ?"

"ನನ್ ಮದ್ವೆ ದಿನಾ ನೋಡಕ್ಕೆ ನಂಗೇನ್ ಬಂದದೆ ಭಾವ," ಎಂದು ನನ್ನ ಹೆಂಡತಿ ನಕ್ಕಳು. ಅತ್ತಿಗೆ ತಾನಲ್ಲ ಎಂದರು. ನಾನಂತೂ ಅಲ್ಲ. ಅವ್ವ ತಟ್ಟೆಯಲ್ಲಿದ್ದ ಮುದ್ದೆಯನ್ನು ಮುರಿದು, ಮತ್ತೆ ಅದನ್ನೇ ಉಂಡೆ ಮಾಡುತ್ತಾ ಕೂತಿದ್ದಳು. ಅದನ್ನು ನೋಡಿದ ಅಣ್ಣನ ಮುಖ ಇಳಿದುಹೋಯಿತು. ಕೇಳಬಾರದಿತ್ತು ಎಂದು ಅವನಿಗೂ ಆಗಿತ್ತು. ಅವ್ವ ಅರ್ಧ ಊಟಕ್ಕೇ ಎದ್ದು ಕೈ ತೊಳೆದಳು.

ಕೈ ಒರೆಸಿಕೊಳ್ಳುತ್ತಾ ಅಣ್ಣ ನನ್ನನ್ನು ಹೊರಗೆ ಕರೆದು ಮೆಲ್ಲಗೆ ಅಂದ: "ಯಾರೇನ್ ನೋಡುದ್ರು ಅಂತ ಎಲ್ರುಗೂ ಕಾಣೋದು ಬ್ಯಾಡ ಕಣ್ಲಾ. ಅವ್ವಂಗೆ ನಾಚ್ಕೆ ಆಯ್ತದೆ. ಏನಾರ ಮಾಡು."

ನಾನು ಮಾಡಿದೆ. ಸೆಟ್ಟಿಂಗ್ಸಿಗೆ ಹೋಗಿ, ಅರ್ಧ ನೋಡಿದವುಗಳ ಆ ಸಾಲನ್ನೇ ಮೊದಲ ಪರದೆಯಿಂದ ತೆಗೆದುಹಾಕಿದೆ. ವಿಡಿಯೊ ಎಲ್ಲೂ ಹೋಗಲಿಲ್ಲ, ಒಳಗೆ ಮದುವೆಗಳು ಎಂಬ ಫೋಲ್ಡರಿನಲ್ಲಿ ಭದ್ರವಾಗಿಯೇ ಇತ್ತು. ಇನ್ನು ಅವ್ವ ನೆಮ್ಮದಿಯಾಗಿ ನೋಡಿಕೊಳ್ಳಬಹುದು, ಯಾರಿಗೂ ಗೊತ್ತಾಗುವುದಿಲ್ಲ ಎಂದುಕೊಂಡೆ. ಅಣ್ಣನಿಗೆ ಹೇಳಿದೆ, ಅವನೂ ಸದ್ಯ ಎಂದ. ಅವ್ವನಿಗೆ ಹೇಳಲಿಲ್ಲ. ಹೇಳಿದರೆ ನೋಡುತ್ತಿದ್ದವಳು ನೀನೇ ಎಂದು ಎತ್ತಿ ಆಡಿದಂತಾಗುತ್ತದೆ ಎಂಬ ನಾಜೂಕು.

ಅವಳಿಗೆ ಗೊತ್ತಿದ್ದ ದಾರಿ ಅದೊಂದೇ ಎಂಬುದು ನನಗೆ ಹೊಳೆಯಲೇ ಇಲ್ಲ. ಫೋಲ್ಡರಿನ ಹೆಸರು ಓದಲು ಬಾರದವಳು, ಆ ಸಾಲಿನ ಚಿತ್ರ ಒತ್ತಿದರೆ ತಮ್ಮ ಬರುತ್ತಾನೆ ಎಂದಷ್ಟೇ ಬಲ್ಲವಳು. ಮಾರನೆಯ ಮಧ್ಯಾಹ್ನ ಟಿವಿ ಹಾಕಿ ಗುಂಡಿ ಒತ್ತಿದಾಗ ಅತ್ತಿಗೆಯ ಭಕ್ತಿಗೀತೆ ಬಂದಿರಬೇಕು. ಎಷ್ಟು ಸಲ ಒತ್ತಿ ನೋಡಿದಳೋ ಏನೋ.

ಆಷಾಢ ಕಳೆಯಿತು, ಶ್ರಾವಣ ಕಳೆಯಿತು. ಅವ್ವ ಮಧ್ಯಾಹ್ನ ಮಲಗಲು ಶುರು ಮಾಡಿದ್ದಾಳೆ ಎಂದು ಅತ್ತಿಗೆ ಹೇಳಿದರು. ವಯಸ್ಸಾಯಿತಲ್ಲ ಎಂದೆ. ಆ ದಿನಗಳಲ್ಲೆಲ್ಲ ನಾನು ಸಾಫ್ಟ್‌ವೇರಿನ ಹೊಸ ಆವೃತ್ತಿ ಹಾಕುವುದರಲ್ಲಿ, ಮಹಡಿಗೂ ಹಾಲಿಗೂ ನಡುವಿನ ದಪ್ಪ ಗೋಡೆ ದಾಟಿ ವೈಫೈ ಬರುವಂತೆ ಮಾಡುವುದರಲ್ಲಿ ಮುಳುಗಿದ್ದೆ. ದಿನಾ ನರಸೀಪುರದ ಬಸ್‌ಸ್ಟ್ಯಾಂಡಿನಲ್ಲಿ ಇಳಿಯುವವನು ನಾನು. ಹೆಮ್ಮಿಗೆಯ ಬಸ್ಸು ಕಣ್ಣೆದುರೇ ನಿಂತಿರುತ್ತಿತ್ತು. ಒಂದು ದಿನ ಅದನ್ನು ಹತ್ತಿ, ಬಾ ಮಾವ, ಅವ್ವ ಕಾಯ್ತಾವ್ಳೆ ಎಂದಿದ್ದರೆ ಸಾಕಿತ್ತು. ಅಣ್ಣನಿಗೆ ಹೇಳದೆ ಹೋಗುವುದು ಹೇಗೆ, ಮಾವ ಮುಖ ತಿರುಗಿಸಿದರೆ ಏನು ಗತಿ ಎಂದು ಹಿಂಜರಿದೆ. ಇಷ್ಟೇ ನನ್ನ ಕಾರಣ. ಬರೆಯುವಾಗ ಅದು ಇನ್ನೂ ಸಣ್ಣದಾಗಿ ಕಾಣುತ್ತದೆ.

ಗೌರಿ ಹಬ್ಬ ಬಂತು. ಕಾಲೇಜಿಗೆ ರಜೆ. ಅವ್ವ ಬೆಳಿಗ್ಗೆ ಮಿಂದು ಜಗಲಿಯಲ್ಲಿ ಕೂತಳು. ಊಟಕ್ಕೆ ಕರೆದರೆ ಆಮೇಲೆ ಎಂದಳು. ಹೊತ್ತು ಮೀರಿದ ಮೇಲೆ ಬಂದು ಎರಡು ತುತ್ತು ಉಂಡಳು. ಕಡುಬು ಮುಟ್ಟಲಿಲ್ಲ. ಅಣ್ಣ ತಲೆ ಎತ್ತದೆ ಉಂಡು ಹೊಲದ ಕಡೆ ಹೋದ.

ನಾನು ಹಾಲಿನಲ್ಲಿ ಟಿವಿಯ ಹಿಂದಿನ ವೈರು ಸರಿಮಾಡುತ್ತಿದ್ದೆ. ಅವ್ವ ಬಂದು ಹತ್ತಿರ ಕೂತಳು.

"ಮಗ, ನಿನ್ ಮದ್ವೆ ಪಟ ತೆಗುದ್ಬುಟ್ಯಾ?"

"ಇಲ್ವಲ್ಲ ಅವ್ವ, ಒಳಗದೆ. ಯಾಕೆ, ನಿಂಗ್ ಸಿಗ್ನಿಲ್ವಾ?"

"ಮುಂದ್ಗಡೇಲೇ ಇತ್ತು, ಒತ್ತುದ್ರೆ ಬರೋದು. ಒಂದಿನ ಇರ್ನಿಲ್ಲ. ನಿಮ್ಮಣ್ಣ ಬ್ಯಾಡ ಅಂದಿರ್ಬೇಕು ಅಂದ್ಕಂಡು ಸುಮ್ಕಾದೆ."

ನನ್ನ ಕೈಯಲ್ಲಿದ್ದ ವೈರು ಅಲ್ಲೇ ಉಳಿಯಿತು. ಇಷ್ಟು ದಿನ ಅವಳು ಮಲಗುತ್ತಿದ್ದದ್ದು ಏಕೆ ಎಂದು ಆಗ ತಿಳಿಯಿತು. ಅಣ್ಣ ಹಾಗೆ ಅನ್ನಲಿಲ್ಲ ಎಂದು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅವಳೇ ಮುಂದುವರಿಸಿದಳು.

"ಅದಿರ್ಲಿ. ನಾ ನೋಡ್ತಿದ್ದುದ್ದು ಅವುನ್ಗೆ ಗೊತ್ತಾಯ್ತಿತ್ತಾ?"

"ಯಾರ್ಗವ್ವ?"

"ನಿಮ್ ಮಾವುನ್ಗೆ ಕಣಪ್ಪ. ಇಲ್ಲಿ ನಾ ನೋಡುದ್ರೆ ನಿಮ್ಮಣ್ಣುನ್ ಫೋನ್ಗೆ ಗೊತ್ತಾಯ್ತದೆ, ಮಾಡಿ ಮ್ಯಾಲೆ ನಿಂಗ್ ಗೊತ್ತಾಯ್ತದೆ. ಅವ್ನು ಆ ಪಟದೊಳ್ಗೇ ಅವ್ನೆ, ಅವುನ್ಗ್ ಗೊತ್ತಾಗ್ದೆ ಇದ್ದದಾ? ಅದ್ಕೇ ದಿನಾ ಒಳ್ಳೆ ಸೀರೆ ಉಟ್ಕಂಡು ಕೂತ್ಕತಿದ್ದೆ. ನಮ್ಮಕ್ಕ ನೋಡ್ತಾವ್ಳೆ ಅಂತ ಗೊತ್ತಾದ್ರೆ ಹಬ್ಬುಕ್ ಬತ್ತಾನೆ ಅಂತ."

ನೋಡಿದ್ದೆಲ್ಲ ಈ ನಾಲ್ಕು ಗೋಡೆಯೊಳಗೇ ಉಳಿದಿತ್ತು, ಹೆಮ್ಮಿಗೆಗೆ ಒಂದು ಚೂರೂ ಹೋಗಿರಲಿಲ್ಲ. ಅದನ್ನು ಹೇಳಬೇಕಿತ್ತು. ಆದರೆ ಅಷ್ಟು ದಿನ ಸೀರೆ ಬದಲಿಸಿ ಕೂತದ್ದು ವ್ಯರ್ಥ ಎಂದು ಅವಳಿಗೆ ಹೇಗೆ ಹೇಳುವುದು? ಅವಳ ಮುಖ ನೋಡಿ ನನ್ನ ಬಾಯಿಗೆ ಬಂದದ್ದು ಬೇರೆಯೇ.

"ಊಂ ಅವ್ವ. ಗೊತ್ತಾಯ್ತಿತ್ತು."

ಅವ್ವ ತಲೆಯಾಡಿಸಿದಳು. ಸ್ವಲ್ಪ ಹೊತ್ತು ಸೆರಗಿನ ಅಂಚನ್ನು ಬೆರಳಲ್ಲಿ ಸುತ್ತಿಕೊಂಡಳು, ಬಿಚ್ಚಿದಳು.

"ಗೊತ್ತಾಗೂ ಬರ್ನಿಲ್ಲ ಅನ್ನು," ಎಂದಳು.

ಆಗ ನಾನು ಹೆದರಿದೆ. ಅವಳ ಪಕ್ಕಕ್ಕೆ ಸರಿದು, ಇಲ್ಲ ಅವ್ವ, ನಾನು ಸುಮ್ಮನೆ ಅಂದೆ, ಇದು ಮನೆಯ ವೈಫೈಯಲ್ಲಿ ಓಡುವುದು, ಕಾಂಪೌಂಡು ದಾಟಿದರೆ ಏನೂ ಇಲ್ಲ, ಮಾವನ ಫೋನಿನಲ್ಲಿ ಇದು ಇಲ್ಲವೇ ಇಲ್ಲ, ನೀನು ನೋಡಿದ್ದು ಅವನಿಗೆ ಗೊತ್ತೇ ಇಲ್ಲ ಎಂದು ಒಂದೇ ಉಸಿರಿನಲ್ಲಿ ಹೇಳಿದೆ. ಕಂಪ್ಯೂಟರು ಎಲ್ಲಿದೆ, ಟಿವಿಗೆ ಹೇಗೆ ಬರುತ್ತದೆ, ಅಣ್ಣನ ಫೋನಿಗೆ ಹೇಗೆ ಬರುತ್ತದೆ, ತರಗತಿಯಲ್ಲಿ ಹೇಳುವ ಹಾಗೆ ಕೈಯಲ್ಲಿ ತೋರಿಸಿ ಹೇಳಿದೆ. ಬೇಸಿಗೆಯಲ್ಲಿ ಅವಳು ಕೇಳಿದಾಗ ಹೇಳಬೇಕಿದ್ದದ್ದನ್ನೆಲ್ಲ ಆಗ ಹೇಳಿದೆ.

ಅವ್ವ ಎಲ್ಲವನ್ನೂ ಕೇಳಿಸಿಕೊಂಡಳು. ಆಮೇಲೆ ನನ್ನ ಮಂಡಿಯ ಮೇಲೆ ಕೈಯೂರಿ ಎದ್ದಳು.

"ಬುಡು ಮಗ," ಎಂದಳು. "ನನ್ ಸಮಾಧಾನುಕ್ಕೆ ಸುಳ್ಳೇಳ್ಬ್ಯಾಡ."